ಕರೆಂಟು ಎಲ್ಲಿಂದ ಬರುತ್ತದೆ, ಮೋಟರು ಯಾಕೆ ಸುಡುತ್ತದೆ?

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಇಂಜಿನಿಯರ್ ಅಲ್ಲ. ಆದರೆ ಬೋರಿನ ಮೋಟರನ್ನು ಎರಡು ಸಲ ಸುಟ್ಟುಕೊಂಡವರು. ಗೊಬ್ಬರಕ್ಕೆಂದು ಸಂಘದಲ್ಲಿ ತೆಗೆದ ಸಾಲದ ದುಡ್ಡನ್ನು ರಿವೈಂಡಿಂಗ್ ಅಂಗಡಿಗೆ ಕೊಟ್ಟು ಬಂದವರು. ಆಮೇಲೆ ತಿಳಿದವರನ್ನು ಕೇಳಿ ಕಲಿತ ನಾಲ್ಕು ಮಾತನ್ನು ತಮ್ಮ ಮುಂದೆ ಇಡುತ್ತೇವೆ.

ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ, ನಾಶವೂ ಆಗುವುದಿಲ್ಲ. ರೂಪ ಮಾತ್ರ ಬದಲಾಗುತ್ತದೆ. ಬಿಸಿಲಿನ ಶಕ್ತಿ ರಾಗಿ ಪೈರಿನಲ್ಲಿ ಸೇರಿ ಕಾಳಾಗುತ್ತದೆ. ಅದೇ ಮುದ್ದೆಯಾಗಿ ನಮ್ಮ ಹೊಟ್ಟೆ ಸೇರಿ, ಗುದ್ದಲಿ ಹಿಡಿದ ತೋಳಿನ ಬಲವಾಗುತ್ತದೆ. ಸೌದೆಯಲ್ಲಿ ಅಡಗಿದ್ದು ಒಲೆಯಲ್ಲಿ ಶಾಖವಾಗುತ್ತದೆ. ಕರೆಂಟೂ ಅಂಥದೇ ಒಂದು ರೂಪ.

ತಾಮ್ರದ ತಂತಿ ಸುರುಳಿಯ ಬಳಿ ಅಯಸ್ಕಾಂತ ಆಡಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆಂದು 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ತೋರಿಸಿದರು. ಜನರೇಟರಿನ ಗುಟ್ಟು ಇಷ್ಟೇ. ಅದನ್ನು ತಿರುಗಿಸಲು ಒಂದು ಬಲ ಬೇಕು. ಶಿವನಸಮುದ್ರದಲ್ಲಿ ಮೇಲಿಂದ ಬೀಳುವ ಕಾವೇರಿ ನೀರು ತಿರುಗಿಸುತ್ತದೆ. 1902ರಲ್ಲೇ ಅಲ್ಲಿಯ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿದ ಉಗಿ, ಕೈಗಾದಲ್ಲಿ ಅಣುವಿನ ಶಾಖದ ಉಗಿ ತಿರುಗಿಸುತ್ತದೆ. ಪಾವಗಡದಲ್ಲಿ ತಿರುಗುವ ಚಕ್ರವೇ ಇಲ್ಲ, ಫಲಕದ ಮೇಲೆ ಬಿದ್ದ ಬಿಸಿಲೇ ಕರೆಂಟಾಗುತ್ತದೆ.

ಈಗ ನಮ್ಮ ಹೊಲಕ್ಕೆ ಬರೋಣ. ವೋಲ್ಟೇಜ್ ಅಂದರೆ ಎತ್ತರದ ಟ್ಯಾಂಕಿನ ನೀರಿನ ಒತ್ತಡ ಇದ್ದ ಹಾಗೆ. ಆಂಪಿಯರ್ ಅಂದರೆ ಪೈಪಿನಲ್ಲಿ ಹರಿಯುವ ನೀರು ಇದ್ದ ಹಾಗೆ. ಲೈನಿನಲ್ಲಿ ಬರುವ 11,000 ವೋಲ್ಟನ್ನು ಟಿ.ಸಿ. ಸುಮಾರು 415ಕ್ಕೆ ಇಳಿಸಿ ಮೋಟರಿಗೆ ಕೊಡುತ್ತದೆ. 63 ಕೆ.ವಿ.ಎ. ಟಿ.ಸಿ. ಹೊರುವುದು 5 ಎಚ್.ಪಿ.ಯ ಹತ್ತು ಮೋಟರು, ಹೆಚ್ಚೆಂದರೆ ಹನ್ನೊಂದು. ನಾವೋ, ತ್ರೀ ಫೇಸ್ ಬಂದ ತಕ್ಷಣ ಇಪ್ಪತ್ತು ಜನ ಒಟ್ಟಿಗೇ ಹಾಕುತ್ತೇವೆ. ಆಟೋ ಸ್ಟಾರ್ಟರ್ ಇದ್ದರಂತೂ ಮನೆಯಲ್ಲಿ ಮಲಗಿದ್ದರೂ ಅದೇ ಹಾಕಿಬಿಡುತ್ತದೆ! ಆಗ ವೋಲ್ಟೇಜ್ ಬೀಳುತ್ತದೆ. ಎತ್ತಬೇಕಾದ ನೀರಿನ ಭಾರ ಮಾತ್ರ ಅಷ್ಟೇ ಇರುತ್ತದೆ. ಅದಕ್ಕೆ ಮೋಟರು ಜಾಸ್ತಿ ಆಂಪಿಯರ್ ಎಳೆಯುತ್ತದೆ. ಆಂಪಿಯರ್ ಎರಡರಷ್ಟಾದರೆ ಸುರುಳಿಯ ಬಿಸಿ ನಾಲ್ಕರಷ್ಟು. ಸುಡದೆ ಇನ್ನೇನಾದೀತು?

ಸ್ಟಾರ್ಟರಿನ ರಿಲೇ ಬಿಟ್ಟುಕೊಳ್ಳುವುದು ಮೋಟರು ಉಳಿಸಲಿಕ್ಕೆ. ಅದಕ್ಕೆ ಕಡ್ಡಿ ಸಿಕ್ಕಿಸಿ ಓಡಿಸಿದ್ದಕ್ಕೇ ನಮ್ಮ ಎರಡನೇ ಮೋಟರು ಹೋಯಿತು. ತಪ್ಪು ನಮ್ಮದೇ.

ಆದ್ದರಿಂದ ಬಂಧುಗಳೇ, ಒಂದು ಟಿ.ಸಿ.ಯವರು ಕೂತು ಸರದಿ ಮಾಡಿಕೊಳ್ಳೋಣ. ಸರಿಯಾದ ಕೆಪಾಸಿಟರ್ ಹಾಕಿಸೋಣ. ಅರ್ಥಿಂಗ್ ಮಾಡಿಸೋಣ. ಫ್ಯೂಸ್ ಹೋದರೆ ಎಷ್ಟೇ ಅವಸರ ಇರಲಿ, ಟಿ.ಸಿ. ಕಂಬಕ್ಕೆ ಕೈ ಹಾಕದೆ ಲೈನ್‌ಮ್ಯಾನ್‌ಗೆ ಹೇಳೋಣ. ಮೋಟರು ಸುಟ್ಟರೆ ಸಾಲ ಮಾಡಿ ಕಟ್ಟಿಸಬಹುದು, ಹೋದ ಜೀವ ಬರುವುದಿಲ್ಲ.

ಟಿ.ಸಿ.ಯೂ ನಮ್ಮ ಸಂಘದ ಪೆಟ್ಟಿಗೆ ಇದ್ದ ಹಾಗೆ. ಎಲ್ಲರೂ ಒಟ್ಟಿಗೆ ಕೈ ಹಾಕಿದರೆ ಯಾರಿಗೂ ಇಲ್ಲ, ಸರದಿಯಲ್ಲಿ ತೆಗೆದರೆ ಎಲ್ಲರಿಗೂ ಉಂಟು. ಇಪ್ಪತ್ತೈದು ವರ್ಷ ಸಂಘ ನಡೆಸಿದ ನಮಗೆ ಇದು ಕಷ್ಟವಲ್ಲ ಎಂದು ಹೇಳಿ ನಮ್ಮ ಮಾತು ಮುಗಿಸುತ್ತೇವೆ.