ಕೊಳವೆಯಲ್ಲಿ ಕಳೆದುಹೋಗುವ ತಂಪು
(ಪಾಲಕರ ಸಮ್ಮೇಲನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಇಂದು ನಾನು ಆರಿಸಿಕೊಂಡಿರುವುದು ಅಮೆರಿಕ ದೇಶದ ಮನೆಗಳಲ್ಲಿರುವ ಗಾಳಿಕೊಳವೆಗಳ ವಿಷಯ. ಸೋಲಾಪುರ ಸೀಮೆಯವರಾದ ನಮಗೆ ಅದರಿಂದೇನು ಎಂದು ತಾವು ಕೇಳಬಹುದು. ನಮ್ಮ ಮನೆಗಳ ಕೂಲರಿಗಾಗಲಿ ಗೋಡೆಯ ಏ.ಸಿ.ಗಾಗಲಿ ಸಾಮಾನ್ಯವಾಗಿ ಇಂಥ ಕೊಳವೆ ಇರುವುದಿಲ್ಲ, ನಿಜ. ಆದರೆ ದೊಡ್ಡ ಆಸ್ಪತ್ರೆ, ಚಿತ್ರಮಂದಿರಗಳಲ್ಲಿ ತಂಪನ್ನು ಹಂಚುವವು ಇವೇ. ಐ.ಟಿ.ಐ. ಸೇರಿ ಹವಾನಿಯಂತ್ರಣದ ಕಸಬು ಕಲಿಯಬೇಕೆನ್ನುವ ಹುಡುಗರು ಈ ಸಭೆಯಲ್ಲಿಯೂ ಇದ್ದಾರೆ. ಮುಖ್ಯವಾಗಿ ಅವರಿಗಾಗಿ ಈ ಮಾತು.

ಅಮೆರಿಕದ ಅನೇಕ ಮನೆಗಳಲ್ಲಿ ಚಳಿಗಾಲಕ್ಕೆ ಗಾಳಿ ಕಾಯಿಸುವ ಯಂತ್ರವೂ ಬೇಸಗೆಗೆ ತಂಪುಯಂತ್ರವೂ ಒಂದೇ ಕಡೆ ಇರುತ್ತವೆ. ಅಲ್ಲಿಂದ ಕೋಣೆಕೋಣೆಗೂ ಗಾಳಿಯನ್ನು ಒಯ್ಯುವ ಕೊಳವೆಗಳಿವೆ. ಕೋಣೆಯ ಗಾಳಿಯನ್ನು ಯಂತ್ರಕ್ಕೆ ಮರಳಿ ತರುವ ಕೊಳವೆಗಳೂ ಇವೆ. ಇವು ಬಹುಮಟ್ಟಿಗೆ ಹಾದುಹೋಗುವುದು ಅಟ್ಟದಲ್ಲಿ ಅಥವಾ ನೆಲದಡಿಯ ಸಂದಿಯಲ್ಲಿ. ಕಣ್ಣಿಗೆ ಬೀಳದುದನ್ನು ವಿಚಾರಿಸುವವರಾರು? ಕೀಲು ಸಡಿಲುತ್ತದೆ, ಮೆತುಕೊಳವೆ ಮಡಿಚಿಕೊಳ್ಳುತ್ತದೆ, ಒಮ್ಮೊಮ್ಮೆ ಕೊಳವೆಯೇ ಕಳಚಿಬಿದ್ದು ಅಟ್ಟವನ್ನು ತಂಪು ಮಾಡುತ್ತಿರುತ್ತದೆ! ಆ ದೇಶದ ಸರಕಾರದ ‘ಎನರ್ಜಿ ಸ್ಟಾರ್’ ಯೋಜನೆಯ ಅಂದಾಜಿನಂತೆ, ಸಾಧಾರಣ ಮನೆಯೊಂದರಲ್ಲಿ ಕೊಳವೆಯೊಳಗೆ ಸಾಗುವ ಗಾಳಿಯಲ್ಲಿ ನೂರಕ್ಕೆ 20ರಿಂದ 30 ಪಾಲು ಹೀಗೆ ನಷ್ಟವಾಗುತ್ತದೆ.

ಬಾವಿಯಿಂದ ತೋಟಕ್ಕೆ ಹೋಗುವ ಕಾಲುವೆಯಲ್ಲಿ ಹೆಗ್ಗಣದ ಬಿಲವಿದ್ದರೆ ನೀರು ದಾರಿಯಲ್ಲಿಯೇ ಇಂಗುವುದನ್ನು ನಮ್ಮ ಒಕ್ಕಲಿಗರು ಬಲ್ಲರು. ಗಾಳಿಯ ವಿಷಯದಲ್ಲಿ ಕೇಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತಂಪುಗಾಳಿ ಅಟ್ಟಕ್ಕೆ ಸೋರಿದಷ್ಟೂ ಮನೆಯೊಳಗೆ ಒತ್ತಡ ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಹೊರಗಿನ ಬಿಸಿಗಾಳಿ ಬಾಗಿಲು ಕಿಟಕಿಗಳ ಸಂದಿನಿಂದ ನುಗ್ಗುತ್ತದೆ. ಮರಳಿ ತರುವ ಕೊಳವೆ ಒಡೆದಿದ್ದರಂತೂ ಅದು ಅಟ್ಟದ ಧಗೆಯನ್ನೂ ಧೂಳನ್ನೂ ಹೀರಿ ತರುತ್ತದೆ. ಗ್ಯಾಸಿನಿಂದ ನೀರು ಕಾಯಿಸುವ ಒಲೆ ಸಮೀಪವಿದ್ದರೆ, ಹೊಗೆಗೂಡಿನಿಂದ ಮೇಲೇರಬೇಕಾದ ಅನಿಲವು ಹಿಂದಿರುಗಿ ಮನೆಯೊಳಕ್ಕೇ ಬರಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವ ಸಂಭವವುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುವವರನ್ನು ಎಚ್ಚರಿಸದೆಯೇ ಕೊಲ್ಲಬಲ್ಲದು. ಇಲ್ಲಿ ಪ್ರಶ್ನೆ ಹಣದ್ದು ಮಾತ್ರವಲ್ಲ.

ಕೋಣೆ ತಂಪಾಗಲಿಲ್ಲವೆಂದರೆ ಗೃಹಸ್ಥನು ಮಾಡುವುದೇನು? ಯಂತ್ರ ಸಾಲದೆಂದು ತಿಳಿದು ಇನ್ನೂ ದೊಡ್ಡದನ್ನು ಕೊಳ್ಳುತ್ತಾನೆ. ಅದರ ಬೀಸಣಿಗೆಯ ಒತ್ತಡ ಹೆಚ್ಚಿದರೆ ಅದೇ ಬಿರುಕಿನಿಂದ ಹೆಚ್ಚು ಗಾಳಿ ಸೋರುತ್ತದೆ. ಯಂತ್ರವನ್ನು ದೂರುವ ಮುನ್ನ ಕೊಳವೆಯನ್ನು ನೋಡಬೇಕಿತ್ತು.

ಬಿರುಕು ಮುಚ್ಚುವುದು ಹೇಗೆ? ಇಲ್ಲೊಂದು ತಮಾಷೆಯುಂಟು. ‘ಡಕ್ಟ್ ಟೇಪ್’ ಎಂಬ ಬಟ್ಟೆಯ ಅಂಟುಪಟ್ಟಿಯಿದೆ. ಅದರ ಹೆಸರಿನಲ್ಲಿಯೇ ಗಾಳಿಕೊಳವೆಯಿದೆ. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್, ಇಯಾನ್ ವಾಕರ್ ಎಂಬ ವಿಜ್ಞಾನಿಗಳು ನಾನಾ ಬಗೆಯ ಅಂಟುಗಳನ್ನು ಬಿಸಿಗೂ ತಂಪಿಗೂ ಒಡ್ಡಿ ಪರೀಕ್ಷಿಸಿದರು. 1998ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ, ಕೊಳವೆಯ ಕೀಲಿಗೆ ನಿಲ್ಲದೆ ಸೋತದ್ದು ಆ ಪಟ್ಟಿಯೇ! ಕುಂಚದಿಂದ ಬಳಿಯುವ ಮಾಸ್ಟಿಕ್ ಎಂಬ ದಪ್ಪ ಲೇಪವು ಬಾಳಿಕೆ ಬರುತ್ತದೆ. ಅದೇ ಪ್ರಯೋಗಾಲಯದಲ್ಲಿ ಮಾರ್ಕ್ ಮೊಡೇರಾ ಅವರೂ ಸಂಗಡಿಗರೂ 1990ರ ದಶಕದಲ್ಲಿ ಇನ್ನೊಂದು ಉಪಾಯ ಕಂಡುಹಿಡಿದರು. ಕೋಣೆಗಳ ಗಾಳಿಗಂಡಿಗಳನ್ನೆಲ್ಲ ಮುಚ್ಚಿ, ಅಂಟಿನ ಸೂಕ್ಷ್ಮ ಕಣಗಳನ್ನು ಗಾಳಿಯೊಡನೆ ಕೊಳವೆಗೆ ತುಂಬುವುದು. ಸೋರಲು ಹೊರಟ ಗಾಳಿಯೇ ಕಣಗಳನ್ನು ಬಿರುಕಿನ ಅಂಚಿಗೆ ಒಯ್ದು ಅಂಟಿಸುತ್ತದೆ.

ಸೋರಿಕೆ ಮುಚ್ಚಿದ ಮೇಲೆಯೇ ಕೊಳವೆಗೆ ಶಾಖನಿರೋಧಕ ಹೊದಿಕೆ ಸುತ್ತಬೇಕು. ಮೊದಲೇ ಸುತ್ತಿದರೆ ಬಿರುಕು ಮರೆಯಾಗುತ್ತದೆ, ಸೋರಿಕೆ ನಿಲ್ಲುವುದಿಲ್ಲ.

ಒಂಬತ್ತನೆಯ ಇಯತ್ತೆಯ ಮಕ್ಕಳು ಟೇಬಲ್ ಫ್ಯಾನಿಗೆ ರಟ್ಟಿನ ಕೊಳವೆ ಜೋಡಿಸಿ ಪಡಸಾಲೆಯಲ್ಲಿಟ್ಟಿದ್ದಾರೆ. ಅದರಲ್ಲಿ ಬಿರುಕು ಎಲ್ಲಿದೆಯೆಂದು ನಾನು ಹೇಳುವುದಿಲ್ಲ. ಪಕ್ಕದಲ್ಲಿ ಊದುಬತ್ತಿ ಇದೆ. ಕೀಲಿನ ಬಳಿ ಹಿಡಿದು, ಹೊಗೆ ಎಲ್ಲಿ ಅತ್ತ ಚದರುವುದೆಂದು ತಾವೇ ನೋಡಬೇಕು.