ಸುಳಿಯಲ್ಲಿ ನೀರು ಹಿಡಿವ ಹೂಗಿಡ



ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಆವರಣದಲ್ಲಿ, ವಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಸಮಾಧಿಯಿದೆ. ಅವನು ತೀರಿಕೊಂಡ 1510ರಲ್ಲೇ ಗೋವೆ ಆದಿಲ್ ಶಾಹಿಗಳ ಕೈತಪ್ಪಿ ಪೋರ್ಚುಗೀಸರ ಪಾಲಾಯಿತು. ಆ ಶತಮಾನದಲ್ಲೇ ಪೋರ್ಚುಗೀಸರ ಹಡಗುಗಳು ಅನಾನಸನ್ನು ಭಾರತಕ್ಕೆ ತಂದವು. ಇಂದು ನರ್ಸರಿಗಳಲ್ಲಿ ಕೆಂಪು, ಹಳದಿ ಬಣ್ಣಗಳಿಂದ ಕಣ್ಸೆಳೆಯುವ ಬ್ರೊಮೆಲಿಯಾಡ್ ಗಿಡಗಳು ಈ ಅನಾನಸಿನ ದಾಯಾದಿಗಳೇ.

ಬ್ರೊಮೆಲಿಯಾಡ್ ಕುಟುಂಬದಲ್ಲಿ 3000ಕ್ಕೂ ಹೆಚ್ಚು ಜಾತಿಗಳಿವೆ. ಒಂದನ್ನು ಬಿಟ್ಟರೆ ಉಳಿದವೆಲ್ಲದರ ತವರು ಅಮೆರಿಕ ಖಂಡಗಳು. ಹಲವು ಮರದ ಕೊಂಬೆಯ ಮೇಲೆಯೇ ಬದುಕುತ್ತವೆ. ಬೇರು ಹಿಡಿದುಕೊಳ್ಳಲಿಕ್ಕಷ್ಟೇ. ಮಳೆನೀರು ಎಲೆಗಳ ನಡುವಿನ ಸುಳಿಯಲ್ಲಿ ನಿಲ್ಲುತ್ತದೆ, ಎಲೆಯ ಮೇಲಿನ ಸೂಕ್ಷ್ಮ ಹೊಟ್ಟುಗಳು ಅದನ್ನು ಹೀರಿಕೊಳ್ಳುತ್ತವೆ.

ಈ ಕುಟುಂಬದ ಕುಲಗಳಲ್ಲಿ, ಸ್ಪೇನಿನ ನಿಸರ್ಗಶಾಸ್ತ್ರಜ್ಞ ಅನಸ್ತಾಸಿಯೋ ಗುಜ್ಮಾನ್ ಹೆಸರಿನಲ್ಲಿ 1802ರಲ್ಲಿ ಗುಜ್ಮೇನಿಯಾ, ಡಚ್ ಸಸ್ಯಶಾಸ್ತ್ರಜ್ಞ ದ ವ್ರೀಸ ಅವರ ಹೆಸರಿನಲ್ಲಿ 1843ರಲ್ಲಿ ವ್ರೀಸಿಯಾ ದಾಖಲಾದವು. ಗುಜ್ಮೇನಿಯಾ ನಕ್ಷತ್ರದಂತೆ ಬಿಚ್ಚಿಕೊಂಡರೆ, ವ್ರೀಸಿಯಾದ ಹೂಗೊಂಚಲು ಚಪ್ಪಟೆಯಾಗಿ ಮೇಲೇಳುತ್ತದೆ. ಬ್ರೆಜಿಲ್‌ನ ಎಕ್ಮಿಯಾ ಫ್ಯಾಸಿಯಾಟಾದ ಎಲೆಗೆ ಬೆಳ್ಳಿಯ ಅಡ್ಡಪಟ್ಟೆಗಳಿವೆ. ನಾವು ಹೂವೆಂದು ಮೆಚ್ಚುವ ಅದರ ಗುಲಾಬಿ ಭಾಗ ಎಲೆಯದೇ ರೂಪ. ನಿಜವಾದ ಹೂವು ಅದರ ಸಂದಿನಲ್ಲಿ ಚಿಕ್ಕದಾಗಿ, ನೇರಳೆಯಾಗಿ ಇಣುಕುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ಎಡ್ವರ್ಡ್ ಮೊರೆನ್ ಈ ಕುಟುಂಬದ ಅಧ್ಯಯನಕ್ಕೇ ಬದುಕು ಮುಡಿಪಿಟ್ಟರು. ಆ ಕಾಲದಿಂದ ಅಡ್ಡತಳಿಗಳು ಹೆಚ್ಚುತ್ತ ಬಂದವು.

ಈ ಗಿಡಗಳನ್ನು ಹೂಬಿಡಿಸುವ ಉಪಾಯವೂ ಇದೆ. ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳ ಗಾಜಿನಮನೆಗಳಲ್ಲಿ ಹೊಗೆ ತಾಗಿದ ಅನಾನಸ್ ಬೇಗ ಹೂಬಿಟ್ಟಿದ್ದನ್ನು ಬೆಳೆಗಾರರು ಗಮನಿಸಿದರು. ಹೊಗೆಯಲ್ಲಿದ್ದ ಎಥಿಲೀನ್ ಅನಿಲವೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಬಲಿತ ಬ್ರೊಮೆಲಿಯಾಡ್ ಗಿಡವನ್ನು ಮಾಗಿದ ಸೇಬಿನೊಂದಿಗೆ ಚೀಲದಲ್ಲಿ ಕೆಲವು ದಿನ ಮುಚ್ಚಿಟ್ಟರೆ ಹೂಬಿಡಿಸಬಹುದು, ಏಕೆಂದರೆ ಹಣ್ಣೂ ಅದೇ ಅನಿಲವನ್ನು ಬಿಡುತ್ತದೆ.

ಒಮ್ಮೆ ಹೂಬಿಟ್ಟ ತಾಯಿಗಿಡ ನಿಧಾನವಾಗಿ ಸೊರಗುತ್ತದೆ. ಹೋಗುವ ಮುನ್ನ ಬುಡದಲ್ಲಿ ಮರಿಗಳನ್ನು ಕೊಡುತ್ತದೆ. ಅಡ್ಡತಳಿಯ ಬೀಜದಿಂದ ಅದೇ ಗುಣ ಮರಳಿ ಬರುವುದಿಲ್ಲ. ಪ್ರಯೋಗಾಲಯದ ಅಂಗಾಂಶ ಕೃಷಿ ಬರುವವರೆಗೆ ಈ ತಳಿಗಳು ಉಳಿದದ್ದು ಮುಖ್ಯವಾಗಿ ಮರಿ ಬೇರ್ಪಡಿಸಿ ನೆಟ್ಟವರ ಕೈಯಿಂದ.

ಗೋಗಿ, ಸುರಪುರದ ಕಡೆ ಬೇಸಿಗೆಯ ಬಿಸಿಲು ಈ ಎಲೆಗಳನ್ನು ಸುಟ್ಟುಬಿಡುತ್ತದೆ. ಪಡಸಾಲೆಯ ನೆರಳು, ತೆಂಗಿನ ನಾರು ಬೆರೆಸಿದ ಹಗುರ ಮಣ್ಣು, ಸುಳಿಗೆ ಆಗಾಗ ಬದಲಿಸುವ ನೀರು ಇಷ್ಟಿರಲಿ. ಇಟ್ಟ ನೀರು ಹಳೆಯದಾದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಹೂ ಬಾಡಿತೆಂದು ಗಿಡವನ್ನು ತಿಪ್ಪೆಗೆ ಎಸೆಯಬೇಡಿ. ಮರಿ ತಾಯಿಯ ಮೂರನೇ ಒಂದು ಭಾಗದಷ್ಟು ಬೆಳೆದ ಮೇಲೆ ಬಿಡಿಸಿ ನೆಡಿ. ಒಂದನ್ನು ನೆರೆಮನೆಯವರಿಗೂ ಕೊಡಿ, ಆ ತಳಿ ನಮ್ಮ ಊರಲ್ಲಿ ಉಳಿಯುತ್ತದೆ.