ಕೆಟ್ಟ ಕನಸು ಯಾಕೆ ಬೀಳುತ್ತೆ? ನಿದ್ದೆಯಲ್ಲಿ ನಡೆಯೋ ತಾಲೀಮಿನ ಕತೆ

ಹೋದ ವಾರ ನಿಮಗೊಂದು ಪ್ರಶ್ನೆ ಕೇಳಿದ್ದೆ: ಪದೇ ಪದೇ ಬೀಳೋ ಕೆಟ್ಟ ಕನಸು ಯಾವುದು? ವಾಯ್ಸ್ ನೋಟ್ ಕಳಿಸಿದ ಎಲ್ಲರಿಗೂ ಥ್ಯಾಂಕ್ಸ್. ಒಂದೂ ಬಿಡದೆ ಕೇಳಿದೀನಿ. ಹಲ್ಲು ಉದುರೋದು, ನಾಯಿ ಅಟ್ಟಿಸಿಕೊಂಡು ಬರೋದು, ಓಡೋಕೆ ಹೋದ್ರೆ ಕಾಲೇ ಏಳದೇ ಇರೋದು, ಎಲ್ಲಾ ಇತ್ತು. ಆದ್ರೆ ಎಲ್ಲಕ್ಕಿಂತ ಜಾಸ್ತಿ ಬಂದಿದ್ದು ಪರೀಕ್ಷೆ. ಹಾಲ್ ಟಿಕೆಟ್ ಮನೇಲೇ ಮರೆತಿರೋದು, ಗಣಿತ ಓದಿಕೊಂಡು ಹೋದ್ರೆ ವಿಜ್ಞಾನದ ಪ್ರಶ್ನೆಪತ್ರಿಕೆ ಕೈಗೆ ಬರೋದು. ಒಬ್ಬರು ಬ್ಯಾಂಕಿನಿಂದ ರಿಟೈರ್ ಆದವರು. ಎಸ್ಸೆಸ್ಸೆಲ್ಸಿ ಪಾಸಾಗಿ ನಲವತ್ತೈದು ವರ್ಷ ಆಯ್ತಂತೆ. ಇವತ್ತಿಗೂ ಕನಸಲ್ಲಿ ಬೆಲ್ ಹೊಡೀತಾ ಇರತ್ತೆ, ಇವರ ಉತ್ತರಪತ್ರಿಕೆ ಖಾಲಿ. ನಾನು ಬಿ.ಕಾಂ ಓದಿದವನು, ಹಾಗಾಗಿ ನನ್ನ ಕನಸಲ್ಲಿ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲ್ಲ.

ಪಾಸಾದವರಿಗೆ ಯಾಕಪ್ಪಾ ಈ ಕನಸು? ಫ್ರಾಯ್ಡ್‌ಗೂ ಇದೇ ಪ್ರಶ್ನೆ ಬಂದಿತ್ತು. ಕನಸುಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕದಲ್ಲಿ ತಮ್ಮದೇ ಪರೀಕ್ಷೆ ಕನಸಿನ ವಿಷಯ ಇದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದ ಪರೀಕ್ಷೆ ಕನಸಲ್ಲಿ ಬರ್ತಿತ್ತಂತೆ, ಅವೆಲ್ಲಾ ಅವರು ಪಾಸಾದ ವಿಷಯಗಳು. ನಿಜವಾಗಿ ಫೇಲಾಗಿದ್ದು ವಿಧಿವಿಜ್ಞಾನದಲ್ಲಿ, ಅಂದ್ರೆ ಕೋರ್ಟು ಕಚೇರಿಗೆ ಸಂಬಂಧಪಟ್ಟ ವೈದ್ಯಶಾಸ್ತ್ರದಲ್ಲಿ. ಅದು ಮಾತ್ರ ಒಂದು ಸಲವೂ ಕನಸಲ್ಲಿ ಬರಲಿಲ್ಲ. "ಆಗಲೂ ಹೀಗೇ ಹೆದರಿದ್ದೆ, ಏನೂ ಆಗಲಿಲ್ಲ ತಾನೇ, ನಾಳೆಗೂ ಹೆದರಬೇಡ" ಅಂತ ಮನಸ್ಸು ತನಗೆ ತಾನೇ ಸಮಾಧಾನ ಹೇಳ್ಕೊಳ್ಳೋ ರೀತಿ ಇದು ಅನ್ನೋದು ಫ್ರಾಯ್ಡ್ ಲೆಕ್ಕ. ಫ್ರಾಯ್ಡ್ ಹೇಳಿದ್ದೆಲ್ಲಾ ನಾನು ಒಪ್ಪಲ್ಲ, ಆದ್ರೆ ಇದು ಸುಮ್ನೆ ತಳ್ಳಿಹಾಕೋ ಮಾತಲ್ಲ.

ಈಗ ನಮ್ಮ ಕಡೆಯ ಒಂದು ನಂಬಿಕೆ ತಗೊಳ್ಳಿ. ಬೆಳಗಿನ ಜಾವದ ಕನಸು ನಿಜವಾಗತ್ತೆ ಅಂತಾರಲ್ಲ? ನಿಜ ಆಗತ್ತೋ ಇಲ್ವೋ, ಆ ಹೊತ್ತಿಗೇ ಒಂದು ಮಹತ್ವ ಇರೋದಂತೂ ಹೌದು. ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ನಡೆಯತ್ತೆ. ಪ್ರತಿ ಸುತ್ತಿನ ಕೊನೇಲಿ ಮುಚ್ಚಿದ ರೆಪ್ಪೆ ಒಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡತ್ತೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನ ವರದಿ ಮಾಡಿದ್ರು. ಇದಕ್ಕೆ ರೆಮ್ ನಿದ್ದೆ ಅಂತ ಹೆಸರು. ಕಣ್ಣಿಗೆ ಕಟ್ಟಿದಂಥ ಕನಸುಗಳು ಹೆಚ್ಚಾಗಿ ಇಲ್ಲೇ ಬೀಳೋದು. ರಾತ್ರಿ ಕಳೀತಾ ಹೋದ ಹಾಗೆ ಈ ಘಟ್ಟ ಉದ್ದ ಆಗ್ತಾ ಹೋಗತ್ತೆ, ಬೆಳಗಿನ ಜಾವಕ್ಕೆ ಎಲ್ಲಕ್ಕಿಂತ ಉದ್ದ. ಅದರ ಮಧ್ಯೆ ಎಚ್ಚರ ಆದ್ರೆ ಕನಸು ಹಸಿಹಸಿಯಾಗಿ ನೆನಪಲ್ಲಿ ಉಳಿಯತ್ತೆ. ನಮ್ಮ ಅಜ್ಜಿಯಂದಿರು ಗಮನಿಸಿದ್ದು ಸರಿಯಾಗೇ ಇತ್ತು.

ಆ ಹೊತ್ತಲ್ಲಿ ಮೈ ಸ್ನಾಯುಗಳು ಸಡಿಲವಾಗಿ ಕೆಲಸ ನಿಲ್ಲಿಸಿರತ್ವೆ. ಇಲ್ದಿದ್ರೆ ಕನಸಲ್ಲಿ ಓಡೋರೆಲ್ಲಾ ಮಂಚದಿಂದ ಬೀಳಬೇಕಿತ್ತು. ಫ್ರಾನ್ಸಿನ ಲಿಯೋನ್‌ನಲ್ಲಿ ಮಿಷೆಲ್ ಜೂವೆ ಅನ್ನೋ ವಿಜ್ಞಾನಿ ಬೆಕ್ಕುಗಳ ಮಿದುಳುಕಾಂಡದಲ್ಲಿ ಈ ತಡೆ ಹಾಕೋ ಭಾಗವನ್ನ ನಾಶ ಮಾಡಿ ನೋಡಿದ್ರು. ಕ್ರೂರ ಪ್ರಯೋಗವೇ. ಬೆಕ್ಕುಗಳು ನಿದ್ದೆಯಲ್ಲೇ ಎದ್ದು ನಿಂತ್ವು, ಇಲ್ಲದ ಬೇಟೆಯ ಹಿಂದೆ ಹೊಂಚು ಹಾಕಿದ್ವು, ಇಲ್ಲದ ಶತ್ರುವಿನ ಮೇಲೆ ಎಗರಿದ್ವು.

ಅಂದ್ರೆ ಕನಸಲ್ಲಿ ಏನೋ ಅಭ್ಯಾಸ ನಡೀತಿದೆಯಾ? 2000ರಲ್ಲಿ ಫಿನ್‌ಲೆಂಡಿನ ಆಂಟಿ ರೆವೊನ್ಸುವೊ ಈ ವಾದವನ್ನ ಸರಿಯಾಗಿ ಕಟ್ಟಿ ಮುಂದಿಟ್ರು. ಕಾಡಲ್ಲಿ ಬದುಕ್ತಿದ್ದ ನಮ್ಮ ಪೂರ್ವಜರಿಗೆ ಹುಲಿ, ಹಾವು, ಪಕ್ಕದ ಗುಂಪಿನವನ ದೊಣ್ಣೆ, ಎಲ್ಲಾ ಕಡೆ ಅಪಾಯ. ರಾತ್ರಿ ಕನಸಲ್ಲಿ ತಪ್ಪಿಸಿಕೊಳ್ಳೋ ತಾಲೀಮು ಮಾಡಿದವನು ಹಗಲಲ್ಲಿ ಒಂದು ಕ್ಷಣ ಮೊದಲು ಎಚ್ಚೆತ್ತಿರಬಹುದು, ಬದುಕಿ ಮಕ್ಕಳನ್ನ ಪಡೆದಿರಬಹುದು. ನಾವು ಅಂಥವರ ಸಂತತಿ ಅನ್ನೋದು ವಾದ.

ಕಾಮರ್ಸ್ ಓದಿದವರಿಗೆ ಇದು ತಕ್ಷಣ ಅರ್ಥ ಆಗತ್ತೆ. ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು: ಲಾಭ ಕೈಗೆ ಬರೋ ತನಕ ಬರೀಬೇಡ, ನಷ್ಟ ಆಗಬಹುದು ಅನ್ನಿಸಿದ್ರೇ ಸಾಕು, ಪ್ರಾವಿಷನ್ ಇಡು. ಸಾಲ ವಾಪಸ್ ಬಂದುಬಿಟ್ರೆ ಪ್ರಾವಿಷನ್ ಇಟ್ಟಿದ್ದಕ್ಕೆ ದೊಡ್ಡ ನಷ್ಟ ಏನಿಲ್ಲ. ಇಡದೇ ಇದ್ದಾಗ ಮುಳುಗಿದ್ರೆ ಅಂಗಡಿ ಬಾಗಿಲೇ ಮುಚ್ಚತ್ತೆ. ನಮ್ಮ ಮಿದುಳು ಆ ಥರದ ಹಳೇ ಕಾಲದ ಗುಮಾಸ್ತ.

ಇದಕ್ಕೆ ಸಾಕ್ಷಿ ಇದೆಯಾ? ಸ್ವಲ್ಪ ಇದೆ. ರೆವೊನ್ಸುವೊ ತಂಡವೇ ಹಿಂಸೆ ಕಂಡ ಕುರ್ದಿಷ್ ಮಕ್ಕಳ ಕನಸುಗಳನ್ನ ಫಿನ್‌ಲೆಂಡಿನ ಮಕ್ಕಳ ಕನಸುಗಳ ಜೊತೆ ಹೋಲಿಸಿತು, 2005ರಲ್ಲಿ ಅದು ಪ್ರಕಟ ಆಯ್ತು. ಹೆಚ್ಚು ನೊಂದ ಮಕ್ಕಳ ಕನಸಲ್ಲೇ ಅಪಾಯ ಹೆಚ್ಚು. ಇನ್ನೊಂದು ನಮ್ಮ ಪರೀಕ್ಷೆಗೆ ಸಂಬಂಧಪಟ್ಟಿದ್ದು. ಪ್ಯಾರಿಸ್‌ನಲ್ಲಿ ಮೆಡಿಕಲ್ ಓದಲು ಸ್ಪರ್ಧಾತ್ಮಕ ಪರೀಕ್ಷೆ ಬರೆದ 719 ವಿದ್ಯಾರ್ಥಿಗಳನ್ನ ಕೇಳಿದಾಗ, ನೂರಕ್ಕೆ 60 ಜನಕ್ಕೆ ಹಿಂದಿನ ರಾತ್ರಿ ಪರೀಕ್ಷೆಯದೇ ಕನಸು ಬಿದ್ದಿತ್ತು. ಬಹುತೇಕ ಕೆಟ್ಟ ಕನಸೇ: ತಡ ಆಯ್ತು, ಉತ್ತರ ಮರೆತುಹೋಯ್ತು. ತಮಾಷೆ ಅಂದ್ರೆ, ಕನಸು ಬಿದ್ದವರೇ ಸರಾಸರಿ ಹೆಚ್ಚು ಅಂಕ ತಗೊಂಡಿದ್ರು. ಹಾಗಂತ ಕನಸಿಂದಲೇ ಅಂಕ ಬಂತು ಅನ್ನೋ ಹಾಗಿಲ್ಲ. ಹೆಚ್ಚು ತಲೆ ಕೆಡಿಸಿಕೊಂಡವರು ಹೆಚ್ಚು ಓದೂ ಇರ್ತಾರೆ. ಜಿನೀವಾದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಕನಸಲ್ಲಿ ಹೆಚ್ಚು ಭಯ ಪಟ್ಟವರ ಮಿದುಳಿನ ಭಯದ ಕೇಂದ್ರಗಳು ಎಚ್ಚರದಲ್ಲಿ ಭಯಂಕರ ಚಿತ್ರ ನೋಡಿದಾಗ ಕಡಿಮೆ ಕೆರಳಿದ್ವು. ಆದ್ರೆ ಅದು ಹದವಾದ ಭಯಕ್ಕೆ ಮಾತ್ರ ಅನ್ನೋದು ಆ ಸಂಶೋಧಕರದೇ ಎಚ್ಚರಿಕೆ. ಬೆಚ್ಚಿ ಎದ್ದು ಕೂರೋ ಹಾಗಾದ್ರೆ ತಾಲೀಮು ಅರ್ಧಕ್ಕೇ ನಿಂತ ಹಾಗೆ.

ಈ ಜಾಗದಲ್ಲಿ ನನಗೆ ಈ ವಾದ ಸಾಲದು ಅನ್ಸತ್ತೆ. ಯಾಕೆ ಅಂತ ಹೇಳ್ತೀನಿ. ಅಪ್ಪನ ಒಪ್ಪಿಗೆ ಕೇಳೇ ಹೇಳ್ತಿದೀನಿ.

ಅಪ್ಪ ಲಾರಿ ಡ್ರೈವರ್ ಆಗಿದ್ರು, ಹಾಸನದಿಂದ ಮಂಗಳೂರಿಗೆ ಲೋಡ್. ಹನ್ನೊಂದು ವರ್ಷದ ಹಿಂದೆ ಶಿರಾಡಿ ಘಾಟಿ ಇಳೀವಾಗ ಮಳೇಲಿ ಲಾರಿ ಪಲ್ಟಿ ಆಯ್ತು. ಅಪ್ಪ ಉಳಿದ್ರು. ಜೊತೆಗಿದ್ದ ಕ್ಲೀನರ್ ಹುಡುಗ ಉಳೀಲಿಲ್ಲ. ಆವತ್ತಿಂದ ಒಂದೇ ಕನಸು. ಅದೇ ತಿರುವು, ಅದೇ ಮಳೆ, ಕಾಲಡಿ ಬ್ರೇಕು ಹಿಡಿಯಲ್ಲ. ಅಮ್ಮ ದೇವಸ್ಥಾನದಿಂದ ತಾಯತ ತಂದು ಕಟ್ಟಿದ್ರು, ದಿಂಬಿನ ಕೆಳಗೆ ಕಬ್ಬಿಣ ಇಟ್ರು. ಅಪ್ಪ ಲಾರಿ ಓಡಿಸೋದು ಬಿಟ್ಟು ಏಳು ವರ್ಷ ಆಯ್ತು. ಹಾಗಾದ್ರೆ ಈ ತಾಲೀಮು ಯಾವ ನಾಟಕಕ್ಕೆ? ಪರೀಕ್ಷೆ ಕನಸಲ್ಲಿ ಸ್ಕೂಲು ಬದಲಾಗತ್ತೆ, ವಿಷಯ ಬದಲಾಗತ್ತೆ, ಮಿದುಳು ಏನೋ ಹೊಸದನ್ನ ಪ್ರಯತ್ನಿಸ್ತಾ ಇರತ್ತೆ. ಅಪ್ಪನ ಕನಸಲ್ಲಿ ಒಂದು ಕಲ್ಲೂ ಜಾಗ ಬಿಟ್ಟು ಕದಲಲ್ಲ.

ಹೀಗೆ ಸಿಕ್ಕಿಹಾಕಿಕೊಂಡ ಕನಸಿಗೆ ಇಮೇಜರಿ ರಿಹರ್ಸಲ್ ಥೆರಪಿ ಅನ್ನೋ ದಾರಿ ಇದೆ. ಹಗಲಲ್ಲಿ ಎಚ್ಚರವಾಗಿದ್ದಾಗ ಆ ಕನಸು ನೆನಪು ಮಾಡ್ಕೊಂಡು, ನಿಮಗೆ ಹೇಗೆ ಬೇಕೋ ಹಾಗೆ ಬದಲಾಯಿಸಿ ಬರೀಬೇಕು. ಆಮೇಲೆ ದಿನಾ ಹತ್ತಿಪ್ಪತ್ತು ನಿಮಿಷ ಆ ಹೊಸ ಕನಸನ್ನ ಮನಸ್ಸಲ್ಲೇ ಓಡಿಸಬೇಕು. ಇಷ್ಟೇ. 2001ರಲ್ಲಿ ಅಮೆರಿಕದ ಬ್ಯಾರಿ ಕ್ರಾಕೋವ್ ತಂಡ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 168 ಹೆಣ್ಣುಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತು. ಇದನ್ನ ಕಲಿತವರಿಗೆ ಕೆಟ್ಟ ಕನಸು ಸಾಕಷ್ಟು ಕಡಿಮೆ ಆಗಿತ್ತು, ನಿದ್ದೆ ಸುಧಾರಿಸಿತ್ತು.

ಅಪ್ಪನಿಗೆ ಹೇಳಿದೆ. ಸುಮ್ನೆ ಕೇಳಿಸಿಕೊಂಡ್ರು. ಆಮೇಲೆ ಅಂದ್ರು: "ಕನಸಲ್ಲಾದ್ರೂ ಅವನ ಮುಖ ನೋಡ್ತೀನಿ ಕಣೋ. ಅದನ್ನೂ ತೆಗೆಸ್ತೀಯಾ?"

ನನ್ನ ಹತ್ರ ಇದಕ್ಕೆ ಉತ್ತರ ಇರಲಿಲ್ಲ. ಯಾವ ಸಂಶೋಧನಾ ಲೇಖನದಲ್ಲೂ ನಾನು ಈ ಪ್ರಶ್ನೆ ಓದಿರಲಿಲ್ಲ. ಕೆಟ್ಟ ಕನಸು ಬರೀ ಮುಂದಿನದಕ್ಕೆ ತಯಾರಿ ಅಲ್ಲ, ಹಿಂದಿನದನ್ನ ಬಿಡದೇ ಹಿಡ್ಕೊಳ್ಳೋ ಕೈ ಕೂಡ ಆಗಿರಬಹುದು.

ಕೊನೆಗೆ ನಮ್ಮೂರಿನ ಹತ್ತಿರದ ಒಬ್ಬ ಆಪ್ತಸಮಾಲೋಚಕಿ ಹತ್ರ ಹೋದ್ರು, ಅಮ್ಮನ ಒತ್ತಾಯಕ್ಕೆ. ಅವರು ಹುಡುಗನನ್ನ ತೆಗೀಬೇಡಿ ಅಂದ್ರಂತೆ. ಅಪ್ಪ ಬರೆದ ಹೊಸ ಕನಸಲ್ಲಿ ಬ್ರೇಕು ರಿಪೇರಿ ಆಗಲ್ಲ, ಪವಾಡ ಏನೂ ನಡೆಯಲ್ಲ. ಘಾಟಿ ಶುರುವಾಗೋ ಮೊದಲು, ಸಕಲೇಶಪುರದಲ್ಲಿ, ಲಾರಿ ಸೈಡಿಗೆ ಹಾಕಿ ಇಬ್ಬರೂ ಟೀ ಕುಡೀತಾರೆ. ಮಳೆ ನಿಲ್ಲೋ ತನಕ ಕಾಯ್ತಾರೆ. ಕನಸು ಪೂರ್ತಿ ನಿಂತಿಲ್ಲ. ಮೊದಲು ವಾರಕ್ಕೆ ಮೂರು ಸಲ ಕಿರುಚಿ ಏಳ್ತಿದ್ರು, ಈಗ ತಿಂಗಳಿಗೆ ಒಂದೋ ಎರಡೋ ಅಂತಾರೆ ಅಮ್ಮ. ಅಪ್ಪ ಏನೂ ಹೇಳಲ್ಲ.

ಒಂದೆರಡು ಕೆಲಸದ ಮಾತು. ಯಾವಾಗಲೋ ಒಮ್ಮೆ ಬೀಳೋ ಪರೀಕ್ಷೆ ಕನಸಿಗೆ ಯಾರೂ ಡಾಕ್ಟರ್ ಹತ್ರ ಓಡಬೇಕಿಲ್ಲ. ಈ ಬರೆಯೋ ವಿಧಾನ ಪ್ರಯತ್ನಿಸೋದಾದ್ರೆ ಸಣ್ಣ ಕನಸಿಂದ ಶುರು ಮಾಡಿ. ದೊಡ್ಡ ಆಘಾತದ ಕನಸಾದ್ರೆ ಒಬ್ಬರೇ ಕೂತು ಕೆದಕಬೇಡಿ, ತಿಳಿದವರ ಜೊತೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡಬಹುದು. ಮನೇಲಿ ವಯಸ್ಸಾದವರು ನಿದ್ದೆಯಲ್ಲಿ ನಿಜವಾಗಿ ಕೈಕಾಲು ಬಡಿದು, ಹೊಡೆದು ಮಾಡ್ತಿದ್ರೆ ನರರೋಗ ತಜ್ಞರಿಗೆ ತೋರಿಸಿ. ಅದು ಕೆಲವರಲ್ಲಿ ಪಾರ್ಕಿನ್ಸನ್ಸ್‌ನಂಥ ಕಾಯಿಲೆಯ ಮುನ್ಸೂಚನೆ ಆಗಿರತ್ತೆ.

ಮುಂದಿನ ವಾರ ಇದರದ್ದೇ ಇನ್ನೊಂದು ಮಗ್ಗುಲು: ನಿದ್ದೆಯಲ್ಲಿ ಎದೆ ಮೇಲೆ ಯಾರೋ ಕೂತ ಹಾಗೆ ಆಗತ್ತಲ್ಲ, ಅದು. ಅನುಭವ ಇದ್ದವರು ವಾಯ್ಸ್ ನೋಟ್ ಕಳಿಸಿ. ಬ್ಯಾಂಕಿನ ಸರ್, ನಿಮ್ಮ ಉತ್ತರಪತ್ರಿಕೆ ತುಂಬಿದ ದಿನ ನನಗೊಂದು ಮೆಸೇಜ್ ಹಾಕಿ.